ತಮ್ಮಯ್ಯನ ಮುಂದಿಟ್ಟ ಹಾಲು

ಏಕಾಂತಯ್ಯನವರ ಹೆಣ ಹಿಂದಿನ ಕೋಣೆಯಲ್ಲಿ ಅಂಗಾತ ಬಿದ್ದಿತ್ತು. ಕತ್ತು ಕಪ್ಪಿಟ್ಟಿತ್ತು. ನಾಲಿಗೆ ಹಲ್ಲಿನ ನಡುವೆ ಸಿಕ್ಕಿಕೊಂಡಿತ್ತು. ಅಂಗಿಯ ಕೆಳಗೆ ಎದೆಗೂಡಿನ ಒಂದು ಪಕ್ಕ ಒಳಕ್ಕೆ ಕುಸಿದಿತ್ತು. ಆ ಎದೆಯ ಮೇಲೆ ಆಳುದ್ದದ ಹೆಬ್ಬಾವು.

೧೯೭೧. ಗೋವಿಂದರಾಜನಗರದ ಆ ಬೀದಿಯ ಅರ್ಧ ಜನ ದೊಣ್ಣೆ ಹಿಡಿದು ಅಂಗಳದಲ್ಲಿದ್ದರು. ಸಬ್‌ಇನ್ಸ್‌ಪೆಕ್ಟರ್ ಪದ್ಮನಾಭ ಜೀಪಿನಿಂದ ಇಳಿಯುವಷ್ಟರಲ್ಲಿ ಯಾರೋ ಎಸೆದ ಇಟ್ಟಿಗೆ ಹಾವಿನ ಚರ್ಮ ಸೀಳಿತ್ತು. ಇನ್ನೊಂದು, ಸತ್ತವರ ಮಗಳು, ಬಾಗಿಲಿಗೆ ಅಡ್ಡ ನಿಂತಿದ್ದ ಜಗದಾಂಬಾಳ ಹಣೆ ಒಡೆದಿತ್ತು.

"ಅಪ್ಪನ್ನ ಕೊಂದಿದ್ದಕ್ಕೆ ಕಾವಲು ಬೇರೆ," ಗುಂಪಿನಲ್ಲಿ ಒಬ್ಬ ಅಂದ.

"ಅದು ಕೊಂದಿಲ್ಲ. ಬಾಯಿ ಮುಚ್ಚೋಕೂ ಅದಕ್ಕೆ ಶಕ್ತಿ ಇಲ್ಲ," ಅಂದಳು ಅವಳು, ರಕ್ತ ಒರೆಸಿಕೊಳ್ಳದೆ.

ಪದ್ಮನಾಭ ಲಾಠಿ ಅಡ್ಡ ಹಿಡಿದ. "ಎಲ್ಲಾ ಹಿಂದೆ ಸರೀರಿ. ಹಾವು ಕೊಂದಿದ್ರೆ ನಾನೇ ಗುಂಡು ಹೊಡೀತೀನಿ. ಅಲ್ಲೀವರೆಗೆ ಯಾರೂ ಮುಟ್ಟಂಗಿಲ್ಲ."

ಒಳಗೆ ಒಂದು ಮರದ ಪೆಟ್ಟಿಗೆ, ಅದರ ಮೇಲೆ ಉರಿಯುತ್ತಿದ್ದ ಬಲ್ಬು, ಬಿಸಿನೀರಿನ ಚೀಲ, ಹತ್ತಿ, ನೇರಳೆ ಔಷಧಿಯ ಸೀಸೆ. ಹೆಣದ ಪಕ್ಕದಲ್ಲಿ ಬಟ್ಟಲು ತುಂಬ ಹಾಲು. ಹಾವಿನ ಬಾಯಿ ಅರ್ಧ ತೆರೆದಿತ್ತು. ಒಸಡೆಲ್ಲ ನೇರಳೆ. ಉಸಿರು ತೂತುಬಿದ್ದ ತಿದಿಯ ಹಾಗೆ ಸೀಟಿ ಹಾಕುತ್ತಿತ್ತು. ಏಕಾಂತಯ್ಯ ನಿವೃತ್ತ ವಿಜ್ಞಾನದ ಮೇಷ್ಟ್ರು. ಮಾಗಡಿ ಕಡೆಯ ಕಲ್ಲುಕ್ವಾರಿಯಲ್ಲಿ ಗಾಯಗೊಂಡಿದ್ದ ಹಾವನ್ನು ತಂದು ಸಾಕುತ್ತಿದ್ದರು.

ಅದೇ ಮನೆಯ ಮುಂದಿನ ಭಾಗದಲ್ಲಿ ವಾಸವಾಗಿದ್ದ ಅವರ ತಮ್ಮ ಚನ್ನಮಲ್ಲಪ್ಪ ಜಗಲಿಯಲ್ಲಿ ಕೂತಿದ್ದ.

"ನೀವು ನೋಡಿದ್ರಾ?"

"ಕಣ್ಣಾರೆ, ಕಿಟಕಿಯಿಂದ. ದಿನಾ ಬೆಳಿಗ್ಗೆ ಅದಕ್ಕೆ ಹಾಲು ಇಡ್ತಿದ್ದ ಸಾರ್. ಇವತ್ತೂ ಇಡೋಕೆ ಬಗ್ಗಿದ. ಕತ್ತಿಗೆ ಸುತ್ಕೊಂಡ್ತು."

"ಬಿಡಿಸೋಕೆ ಹೋಗಲಿಲ್ವಾ?"

"ನಾನು ಆ ಕೋಣೆ ಹೊಸಲು ದಾಟಿದವನೇ ಅಲ್ಲ. ಹಾವನ್ನ ತಮ್ಮಯ್ಯ ಅಂತ ಕರೀತಿದ್ದ ಸಾರ್. ಬೆನ್ನಿಗೆ ಬಿದ್ದ ನಾನು ಮಾತ್ರ ಲೇ ಚನ್ನ."

ಪಕ್ಕದ ಬಾಡಿಗೆದಾರ ವೆಂಕಟಗಿರಿ ಅಂಗಳದ ಅಂಚಿನಲ್ಲೇ ನಿಂತಿದ್ದ.

"ಮೇಷ್ಟ್ರ ಜೊತೆ ನಿಮಗೂ ಜಗಳ ಇತ್ತಂತೆ?"

"ಇತ್ತು ಸಾರ್. ಹಾವಿಗೆ ಹೆದರಿ ನನ್ನ ಹೆಂಡ್ತಿ ತವರು ಸೇರಿದಾಳೆ."

"ಬೆಳಿಗ್ಗೆ ಏನು ಕೇಳಿಸ್ತು?"

"ಕುಟ್ಟೋ ಸದ್ದು. ಅವಲಕ್ಕಿ ಕುಟ್ತಿದಾರೆ ಅಂದ್ಕೊಂಡೆ."

"ಹಾವಿಗೆ ಏನು ಹಾಕ್ತಿದ್ರು?"

"ನಂಗೇನು ಗೊತ್ತು ಸಾರ್? ನಾನು ಆ ಕಡೆ ತಲೇನೇ ಹಾಕಲ್ಲ."

ಜಗದಾಂಬಾ ಬೆಳಿಗ್ಗೆಯೇ ಔಷಧಿಗೆಂದು ದನದ ಆಸ್ಪತ್ರೆಗೆ ಹೋಗಿದ್ದಳು. ಅಲ್ಲಿಂದ ತಂದ ಹೊಸ ಸೀಸೆ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

"ಬೆಳಿಗ್ಗೆ ಎಷ್ಟು ಹಾಲು ಇಡ್ತೀರಮ್ಮ?"

"ಹಾಲಾ? ಯಾವ ಹಾವೂ ಹಾಲು ಕುಡಿಯಲ್ಲ ಸಾರ್. ಇದಕ್ಕೆ ಬಾಯೆಲ್ಲಾ ಹುಣ್ಣು, ಎದೇಲಿ ಕಫ. ವಾಸಿಯಾಗೋವರೆಗೆ ಏನೂ ತಿನ್ನಿಸಬೇಡಿ ಅಂದಿದಾರೆ ಡಾಕ್ಟ್ರು. ಬಾಯಿ ತೊಳೆದು ಔಷಧಿ ಹಚ್ತೀವಿ, ಬೆಚ್ಚಗಿಡ್ತೀವಿ. ಅಷ್ಟೇ." ಆಗ ಅವಳ ಕಣ್ಣು ಬಟ್ಟಲಿನ ಮೇಲೆ ಬಿತ್ತು. "ಇದನ್ನ ಯಾರಿಟ್ರು?"

ಪದ್ಮನಾಭನೂ ಅದನ್ನು ಕಂಡಿದ್ದ. ಆದರೂ ನೋಡಿರಲಿಲ್ಲ. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ತಾಯಿಯ ಮಗ. ಹಾವಿನ ಮುಂದೆ ಹಾಲಿದ್ದರೆ ಅವನಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಅವನು ಅಡುಗೆಮನೆಗೆ ಹೋಗಿ ಬಂದ. ಹೆಣದ ಪಕ್ಕ ಮಂಡಿಯೂರಿ ಅಂಗಿಯ ಗುಂಡಿ ಬಿಚ್ಚಿದ. ಕುಸಿದ ಎದೆಯ ಮೇಲೆ ಒಂದರ ಮೇಲೊಂದು ದುಂಡನೆಯ ಗಾಯಗಳು, ಬಳೆ ಒತ್ತಿದಂತೆ.

"ಚನ್ನಮಲ್ಲಪ್ಪನೋರೇ, ಬನ್ನಿ ಇಲ್ಲಿ."

ಅವನು ಹೊಸಲಾಚೆಯೇ ನಿಂತ.

"ಅಡುಗೆಮನೇಲಿ ಒನಕೆ ಈಗಷ್ಟೇ ತೊಳೆದಿಟ್ಟ ಹಾಗಿದೆ, ಇನ್ನೂ ನೀರಿಳೀತಿದೆ. ತುದೀಲಿ ಕಬ್ಬಿಣದ ಬಳೆ. ಅದೇ ಬಳೆಯ ಗುರುತು ನಿಮ್ಮಣ್ಣನ ಎದೆ ಮೇಲಿದೆ. ವೆಂಕಟಗಿರಿ ಕೇಳಿದ್ದು ಅವಲಕ್ಕಿ ಸದ್ದಲ್ಲ. ಆಮೇಲೆ ಒನಕೇನ ಕತ್ತಿಗೆ ಅಡ್ಡ ಇಟ್ಟು ಒತ್ತಿದ್ರಿ. ಹೆಬ್ಬಾವು ಮೊದಲು ಕಚ್ಚಿ ಹಿಡಿಯುತ್ತೆ, ಆಮೇಲೆ ಸುತ್ತುತ್ತೆ. ಇದರ ಬಾಯೆಲ್ಲಾ ನೇರಳೆ ಔಷಧಿ. ಹೆಣದ ಮೇಲೆ ಒಂದು ಹನಿ ನೇರಳೆ ಇಲ್ಲ, ಒಂದು ಹಲ್ಲಿನ ಗುರುತಿಲ್ಲ."

"ಒನಕೆ ಯಾರು ಬೇಕಾದ್ರೂ ಎತ್ತಬಹುದು ಸಾರ್."

"ಎತ್ತಬಹುದು. ಆದರೆ ದಿನಾ ಹಾಲು ಇಡ್ತಿದ್ರು ಅಂತ ಹೇಳಿದವರು ನೀವೊಬ್ರೇ. ಆ ಕೋಣೆಗೆ ಬರ್ತಿದ್ದವರಿಗೆ ಅದು ಸುಳ್ಳು ಅಂತ ಗೊತ್ತು. ಬರದವರು ಗೊತ್ತಿಲ್ಲ ಅಂದ್ರು. ನಡೀದೇ ಇರೋದನ್ನ ನೀವು ಕಣ್ಣಾರೆ ಕಂಡ್ರಿ. ಹಾವನ್ನ ಎದೆ ಮೇಲೆ ಎಳೆದು ಹಾಕಿ ಬಟ್ಟಲು ಇಟ್ಟವರೂ ನೀವೇ."

ಚನ್ನಮಲ್ಲಪ್ಪ ಪಕ್ಕದವನ ದೊಣ್ಣೆ ಕಿತ್ತುಕೊಂಡು ಒಳನುಗ್ಗಿದ. ಹೊಡೆತ ಹಾವಿನ ತಲೆಗೆ ಗುರಿಯಿಟ್ಟಿತ್ತು. ಪದ್ಮನಾಭನ ಲಾಠಿ ಮೊದಲು ಬಿತ್ತು. ಮಣಿಕಟ್ಟಿನ ಮೂಳೆ ಮುರಿದ ಸದ್ದು ಅಂಗಳಕ್ಕೂ ಕೇಳಿಸಿತು.

"ನನ್ನ ಮಗಳನ್ನ ನೋಡೋಕೆ ಬಂದ ಗಂಡಿನ ಕಡೆಯೋರು ಮೂರು ಸಲ ಎದ್ದು ಹೋದ್ರು," ಅವನು ನೆಲದ ಮೇಲೆ ಮುದುಡಿ ಹೇಳಿದ. "ಹಾವಿರೋ ಮನೆ ಹೆಣ್ಣು ಬೇಡ ಅಂದ್ರು. ಕಾಡಿಗೆ ಬಿಟ್ಟು ಬಾ ಅಂತ ಕಾಲು ಹಿಡಿದೆ. ವಾಸಿಯಾಗದೆ ಬಿಟ್ರೆ ಸಾಯುತ್ತೆ ಕಣೋ ಅಂದ. ನನ್ನ ಮಗಳು ಸತ್ರೆ ಅವನಿಗೆ ಪರವಾಗಿರಲಿಲ್ಲ."

ಪೇದೆ ರಾಮಯ್ಯ ಅವನನ್ನು ಎಬ್ಬಿಸಿ ಜೀಪಿಗೆ ನಡೆಸಿದ. ದೊಣ್ಣೆಗಳು ಇನ್ನೂ ಕೆಳಗಿಳಿದಿರಲಿಲ್ಲ.

"ಹಾವನ್ನ ಏನ್ ಮಾಡ್ತೀರಾ ಸಾರ್?" ಗುಂಪು ಕೇಳಿತು.

ಜಗದಾಂಬಾ ಆಗಲೇ ತಂದೆಯ ಎದೆಯ ಮೇಲಿನಿಂದ ಹಾವಿನ ತಲೆ ಎತ್ತಿ ಹಿಡಿದಿದ್ದಳು. "ನಡುವಿಗೆ ಕೈ ಕೊಡಿ ಸಾರ್. ಜೋತುಬಿದ್ರೆ ಗಾಯ ಇನ್ನೂ ಹರಿಯುತ್ತೆ."

ಪದ್ಮನಾಭ ಟೋಪಿ ತೆಗೆದು ಕಿಟಕಿಯ ಮೇಲಿಟ್ಟ. ಎರಡೂ ಕೈ ಕೆಳಗೆ ತೂರಿಸಿದ. ಭಾರವಿತ್ತು, ತಣ್ಣಗಿತ್ತು, ಒಳಗೆಲ್ಲೋ ಉಸಿರು ಕರಕರ ಅನ್ನುತ್ತಿತ್ತು.

"ದನದ ಆಸ್ಪತ್ರೆಗೆ," ಅಂದ. "ದಾರಿ ಬಿಡಿ."