ಎಡಗಡೆ ಉಳಿದ ಒಂದು ಆಟ

ನನ್ನ ವಿಡಿಯೊ ಗೇಮ್‌ಗಳಿಗೆ ಕೆಲವು ನಿಯಮಗಳಿವೆ. ಆಡಬೇಕಾದವು ಕಪಾಟಿನ ಎಡಕ್ಕೆ, ಮುಗಿಸಿದವು ಬಲಕ್ಕೆ. ಪ್ರತಿ ಅಧ್ಯಾಯವನ್ನೂ ನಾನೇ ಗೆದ್ದಿದ್ದರೆ ಮಾತ್ರ ಆಟ ಮುಗಿದಂತೆ. ಹೋದ ವರ್ಷ ಎಡಗಡೆ ಒಂದೇ ಆಟ ಉಳಿದಿತ್ತು. ಅದನ್ನೂ ನಾನೇ ಮುಗಿಸಬೇಕೆಂಬ ಹಟ ನನಗೆ.

ಆಗ ಅದು ತಾನಾಗಿಯೇ ಮುಂದುವರಿಯತೊಡಗಿತು. ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಅಧ್ಯಾಯ ಸಂಜೆಗೆ ಮುಗಿದಿರುತ್ತಿತ್ತು. ಒಂದು ದಿನ ಆಟದ ಯಂತ್ರದ ಕರೆಂಟ್ ವೈರನ್ನೇ ಬ್ಯಾಗಿನಲ್ಲಿಟ್ಟುಕೊಂಡು, ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಹೋದೆ. ಹೆಂಡತಿಯೂ ಕೆಲಸಕ್ಕೆ ಹೋಗಿದ್ದಳು, ಮನೆಗೆ ಬೀಗ. ಸಂಜೆ ಬಂದು ನೋಡಿದರೆ ಮತ್ತೊಂದು ಅಧ್ಯಾಯ ಮುಗಿದಿತ್ತು. ಕಂಟ್ರೋಲರ್ ಯಾರೋ ಈಗಷ್ಟೇ ಕೆಳಗಿಟ್ಟಂತೆ ಬೆಚ್ಚಗಿತ್ತು.

“ಯಾರೋ ಪುಣ್ಯಾತ್ಮರು ಆಡ್ಕೊಡ್ತಿದಾರೆ, ನಿಮಗೇನ್ರೀ ಕಷ್ಟ?” ಎಂದಳು ಹೆಂಡತಿ. “ಹಾಗೇ ಪಾತ್ರೆನೂ ತೊಳೀತಾರಾ ಕೇಳಿ.”

“ನಾನಾಡದೇ ಇದ್ದಿದ್ದು ಲೆಕ್ಕಕ್ಕಿಲ್ಲ ಕಣೇ,” ಎಂದೆ. ಆಮೇಲೆ ಖಾಲಿ ಕೋಣೆಯ ಕಡೆ ತಿರುಗಿ, “ಕೊನೇದಾದ್ರೂ ನಂಗೆ ಬಿಡಪ್ಪ,” ಎಂದೂ ಹೇಳಿದೆ.

ಆ ಕಾಣದ ಕೈ ಆಡಿದ ಅಧ್ಯಾಯಗಳನ್ನೆಲ್ಲ ಮತ್ತೆ ನಾನೇ ಆಡಿದೆ. ಕೊನೆಯದನ್ನು ಅದು ಮುಟ್ಟಲಿಲ್ಲ. ನಿನ್ನೆ ಸಂಜೆ ಅದನ್ನೂ ಗೆದ್ದು, ನೆಮ್ಮದಿಯಿಂದ ಡಬ್ಬಿಯನ್ನು ಬಲಕ್ಕಿಟ್ಟೆ.

ಆದರೆ ನಿನ್ನೆ ಆಡಲೆಂದು ನಾನು ಆಟ ತೆರೆದಾಗ ಅದರ ನಾಯಕಿ ಕೊನೆಯ ಅಧ್ಯಾಯದ ಬಾಗಿಲಿನ ಮುಂದೆ, ನಮ್ಮ ಕೋಣೆಯ ಕಡೆ ಮುಖಮಾಡಿ, ಕಾಲು ಚಾಚಿ ಕೂತಿದ್ದಳು. ಆ ಆಟದಲ್ಲಿ ಅವಳನ್ನು ಓಡಿಸಬಹುದು, ನೆಗೆಸಬಹುದು; ಕೂರಿಸುವ ಗುಂಡಿಯೇ ಇಲ್ಲ.