ಕೆಳಗಿನ ಮೆಟ್ಟಿಲಿನ ಪ್ರಶ್ನೆಗಳು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರಿನಲ್ಲಿ ಒಡೆದ ಬೀಗವಿರಲಿಲ್ಲ, ಕಳೆದುಹೋದ ವಸ್ತುವಿರಲಿಲ್ಲ, ಯಾರ ಮೇಲೆಂಬುದೂ ಇರಲಿಲ್ಲ. ಮಾನಸಿಕ ಪರೀಕ್ಷಾ ಕೇಂದ್ರದ ಸಂಖ್ಯಾಶಾಸ್ತ್ರಜ್ಞರು, ಅಲ್ಲಿ ಎಲ್ಲರ ಬಾಯಲ್ಲೂ ‘ಲೆಕ್ಕದ ಮೇಷ್ಟ್ರು’, ಒಂದು ಉತ್ತರ ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಕುಳಿತರು.

“ಪ್ರಶ್ನೆಗಳು ಸೋರಿವೆ ಸರ್.”

“ಯಾರು ನೋಡಿದ್ರು?”

“ಯಾರೂ ನೋಡಿಲ್ಲ. ಲೆಕ್ಕ ಹೇಳ್ತಿದೆ.”

ಬಾಗಿಲ ಬಳಿ ನಿಂತಿದ್ದ ದಫೇದಾರ ಕೆಮ್ಮಿ ನಗು ನುಂಗಿದ. “ಲೆಕ್ಕಾನ ಕಟಕಟೆ ಹತ್ತಿಸೋದು ಹೇಗೆ ಸರ್?”

ಇನ್‌ಸ್ಪೆಕ್ಟರ್ ನಗಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನೇ ಉಂಡು ಬೆಳೆದ ಮನುಷ್ಯ. ಹೆಂಡತಿ ಹಾಲು ತಂದಿಟ್ಟರೂ ಲೋಟವನ್ನೊಮ್ಮೆ ಮೂಸಿ ನೋಡುವವರು. “ಬಿಡಿಸಿ ಹೇಳಿ,” ಎಂದರು.

“ಒಂದು ಏಣಿ ಅಂದ್ಕೊಳ್ಳಿ. ಸಾವಿರಾರು ಜನ ಬರೆದ ಉತ್ತರ ನೋಡಿ, ಯಾವ ಪ್ರಶ್ನೆ ಎಷ್ಟು ಕಷ್ಟ ಅಂತ ಒಂದೊಂದನ್ನೂ ಒಂದೊಂದು ಮೆಟ್ಟಿಲ ಮೇಲೆ ಇಟ್ಟಿದ್ದೀವಿ. ಪರೀಕ್ಷೆಗೆ ಕೂತವರೂ ಅದೇ ಏಣಿ ಮೇಲೆ ಎಲ್ಲೋ ಒಂದು ಕಡೆ ನಿಲ್ತಾರೆ. ತಮಗಿಂತ ಕೆಳಗಿನ ಪ್ರಶ್ನೆ ಸಾಮಾನ್ಯವಾಗಿ ಸರಿ ಮಾಡ್ತಾರೆ, ಮೇಲಿಂದು ತಪ್ಪು ಮಾಡ್ತಾರೆ. ಅಲ್ಲೊಂದು ಇಲ್ಲೊಂದು ಹೆಚ್ಚುಕಮ್ಮಿ ಆಗುತ್ತೆ. ಆದ್ರೆ ಈ ಮನುಷ್ಯ ಕೆಳಗಿನ ಮೆಟ್ಟಿಲಲ್ಲೆಲ್ಲಾ ಎಡವಿದ್ದಾನೆ, ತುದಿ ಮೆಟ್ಟಿಲಲ್ಲಿ ಆರಾಮಾಗಿ ಕೂತಿದ್ದಾನೆ.”

“ಹಾರಿ ಹೋಗಿರಬಹುದು.”

“ಯಾರೋ ಎತ್ತಿ ಕೂರಿಸಿದ್ದಾರೆ ಸರ್.”

ಆ ಮನುಷ್ಯ ಉಕ್ಕಿನ ಕಾರ್ಖಾನೆಯ ಕ್ರೇನ್ ಆಪರೇಟರ್. ಜನ ಓಡಾಡುವ ನೆಲದ ಮೇಲೆ ಟನ್ನುಗಟ್ಟಲೆ ಉಕ್ಕನ್ನು ತೂಗುವ ಕೆಲಸ. ಗಮನ, ನೆನಪು ಸರಿಯಾಗಿವೆಯೆಂದು ಕೇಂದ್ರ ಪ್ರಮಾಣಪತ್ರ ಕೊಟ್ಟರಷ್ಟೇ ಮತ್ತೆ ಮೇಲೆ ಹತ್ತಬಹುದು. ಕಷ್ಟದ ಪ್ರಶ್ನೆಗಳಿಗೆ ತೂಕ ಹೆಚ್ಚಾದ್ದರಿಂದ ಕೂದಲೆಳೆಯಲ್ಲಿ ಪಾಸಾಗಿದ್ದ. ಗುರುವಾರ ಸಹಿ ಬೀಳಬೇಕು, ಶುಕ್ರವಾರ ಪಾಳಿ ಶುರು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕೇಂದ್ರದಲ್ಲಿ ಪಂಚನಾಮೆ ನಡೆಯಿತು. ಕಬ್ಬಿಣದ ಬೀರುವಿನಲ್ಲಿ ಒಂದು ಗೀರೂ ಇಲ್ಲ. ಬೀಗದ ಕೈ ಎರಡು: ಒಂದು ಮೇಷ್ಟ್ರದು, ಇನ್ನೊಂದು ಪರೀಕ್ಷೆ ನಡೆಸುವ ಪರೀಕ್ಷಕಿಯದು. ಆಪರೇಟರ್ ಪರೀಕ್ಷೆಗೆ ಕೂತ ದಿನ ಆಕೆ ರಜೆಯಲ್ಲಿದ್ದುದರಿಂದ ಅದನ್ನು ನಡೆಸಿದವರು ಸ್ವತಃ ಮೇಷ್ಟ್ರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಇನ್‌ಸ್ಪೆಕ್ಟರ್ ಕಂಡಿದ್ದರು. ಎಲ್ಲರಿಗಿಂತ ಮೊದಲು ಕಳ್ಳ ಕಳ್ಳ ಎಂದು ಕೂಗುವ ಕಳ್ಳರನ್ನೂ ಕಂಡಿದ್ದರು. ಮೇಷ್ಟ್ರಿಗೆ ಊರು ಬಿಡಬೇಡಿ ಎಂದು ಹೇಳಿ ಪರೀಕ್ಷಕಿಯನ್ನು ಕರೆಸಿದರು. ಮೂವತ್ತೈದರ ಆಸುಪಾಸಿನ ಹೆಂಗಸು, ಮುಖದಲ್ಲಿ ಅಳುಕಿಲ್ಲ.

“ಆ ದಿನ ರಜೆ ಯಾಕೆ?”

“ಮಗಳಿಗೆ ಜ್ವರ ಇತ್ತು.”

“ಬೀಗದ ಕೈ?”

“ನನ್ನ ಹತ್ರಾನೇ ಇತ್ತು.”

“ಈ ಆಪರೇಟರ್ ನಿಮಗೆ ಗೊತ್ತಾ?”

“ದಿನಾ ಎಷ್ಟೋ ಜನ ಬರ್ತಾರೆ ಸರ್.”

ಗೊತ್ತು ಅನ್ನಲಿಲ್ಲ, ಗೊತ್ತಿಲ್ಲ ಎಂದೂ ಅನ್ನಲಿಲ್ಲ. ಇನ್‌ಸ್ಪೆಕ್ಟರ್ ಅದನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು.

ಮಂಗಳವಾರ ಆಪರೇಟರ್ ಮನೆಯ ಬಾಗಿಲು ತೆರೆದವಳು ಅವನ ತಮ್ಮನ ಹೆಂಡತಿ. ಒಳಗೆ ಗಟ್ಟಿ ಮೈಕಟ್ಟಿನ ಆಪರೇಟರ್ ಹಳದಿ ಹೆಲ್ಮೆಟ್ಟನ್ನು ಬಟ್ಟೆಯಿಂದ ಒರೆಸುತ್ತಿದ್ದ. ಆಗಲೇ ಕನ್ನಡಿಯಂತೆ ಹೊಳೆಯುತ್ತಿದ್ದರೂ ಒರೆಸುತ್ತಲೇ ಇದ್ದ.

“ಯಜಮಾನ್ರೆ, ಇವತ್ತು ಯಾವ ವಾರ?”

“ಪೊಲೀಸ್ನೋರಿಗೆ ವಾರಾನೂ ನಾವೇ ಹೇಳ್ಕೊಡಬೇಕಾ!” ಎಂದು ಗಟ್ಟಿಯಾಗಿ ನಕ್ಕ. ವಾರ ಮಾತ್ರ ಹೇಳಲಿಲ್ಲ.

ನಾಟಕವಿರಬಹುದೆ? ಇನ್‌ಸ್ಪೆಕ್ಟರ್ ಮೇಷ್ಟ್ರಿಂದ ಪಡೆದಿದ್ದ ತುದಿ ಮೆಟ್ಟಿಲಿನ ಪ್ರಶ್ನೆಯೊಂದನ್ನು ಮುಂದೆ ಹಿಡಿದರು. ಸುರುಳಿ ಸುರುಳಿ ಆಕೃತಿಗಳು, ನಾಲ್ಕು ಉತ್ತರ. ಆಪರೇಟರ್ ಅದನ್ನು ಓದಲೇ ಇಲ್ಲ. ಮೊದಲ ಚಿತ್ರ ಕಂಡದ್ದೇ ಬಲಗೈ ತಾನಾಗಿ ಮೇಲೆದ್ದು ತೋರುಬೆರಳು ಗಾಳಿಯಲ್ಲಿ ಸುತ್ತಿತು. “ಎತ್ತು. ಒಂದು,” ಎಂದ. ಇನ್ನೊಂದು ಪ್ರಶ್ನೆಗೆ ತೋಳು ಪಕ್ಕಕ್ಕೆ ನೀಟಾಗಿ ಚಾಚಿಕೊಂಡಿತು, ಅಂಗೈ ಕೆಳಮುಖ. “ನಿಲ್ಸು. ನಾಲ್ಕು.”

ಕ್ರೇನಿಗೆ ನೆಲದಿಂದ ಕೊಡುವ ಕೈಸನ್ನೆಗಳು. ಎರಡೂ ಉತ್ತರ ಸರಿಯಾಗಿದ್ದವು. ಒಂದೊಂದು ಚಿತ್ರಕ್ಕೆ ಒಂದೊಂದು ಸನ್ನೆ, ಸನ್ನೆಗೊಂದು ಉತ್ತರ ಎಂದು ಯಾರೋ ಉರು ಹೊಡೆಸಿದ್ದರು.

“ಇದನ್ನ ಯಾರು ಕಲಿಸಿದ್ರು?”

“ನಮ್ಮ ಪುಟ್ಟಿ. ಬೇಲಿ ಆಚೆ ನಿಂತು ಹೀಗೆ ಕೈ ಚಾಚಿದ್ಲು ಅಂದ್ರೆ ಪಾಳಿ ಮುಗೀತು ಅಂತ. ನಾನು ಇಳಿದುಬಿಡ್ತೀನಿ.”

“ಪುಟ್ಟಿ ಎಲ್ಲಿದ್ದಾಳೆ?”

“ಸ್ಕೂಲಿಗೆ ಹೋಗಿದ್ದಾಳೆ. ಎರಡನೇ ಕ್ಲಾಸು.”

ಒಳಬಾಗಿಲಲ್ಲಿ ನಿಂತಿದ್ದ ನಾದಿನಿ ಸೆರಗು ತಿರುಚಿಕೊಂಡಳು. “ಭಾವ ತಮಾಷೆ ಮಾಡ್ತಾರೆ ಸರ್. ಮಗಳಿಗೆ ಮದುವೆ ಆಗಿ ಎಷ್ಟೋ ವರ್ಷ ಆಯ್ತು.”

“ಎಲ್ಲಿ ಕೆಲಸ?”

“ಯಾವುದೋ ಆಫೀಸು. ನನಗೆ ಅದೆಲ್ಲಾ ಗೊತ್ತಿಲ್ಲ.” ಮಾತು ಮುಗಿಯುವ ಮೊದಲೇ ಅಡುಗೆಮನೆಗೆ ನಡೆದಿದ್ದಳು.

ಬುಧವಾರ ಮಧ್ಯಾಹ್ನ ಕೇಂದ್ರದ ಅಂಗಳದಲ್ಲಿ ಊಟ ಮುಗಿಸಿದ ಸಿಬ್ಬಂದಿ ಒಳಗೆ ಮರಳುತ್ತಿದ್ದರು. ಇನ್‌ಸ್ಪೆಕ್ಟರ್ ಎದುರು ಗೋಡೆಯ ಬಳಿ ನಿಂತು ತೋಳನ್ನು ಪಕ್ಕಕ್ಕೆ ಚಾಚಿದರು, ಅಂಗೈ ಕೆಳಮುಖ. ಮೇಷ್ಟ್ರು ಅವರನ್ನು ವಿಚಿತ್ರವಾಗಿ ನೋಡಿ ಹಾಗೇ ಮುಂದೆ ಹೋದರು. ಗುಮಾಸ್ತರೂ ಹೋದರು. ಪರೀಕ್ಷಕಿಯ ಕಾಲು ಮಾತ್ರ ನಿಂತಿತು. ತಾನು ಯಾಕೆ ನಿಂತೆ ಎಂದು ಆಕೆಗೆ ಹೊಳೆದದ್ದು ಆಮೇಲೆ, ಅಷ್ಟರಲ್ಲಿ ಮುಖದ ಬಣ್ಣ ಇಳಿದಿತ್ತು.

ದಫೇದಾರ ಆಕೆಯ ನೇಮಕಾತಿ ಕಡತ ತಂದ. ತಂದೆಯ ಉದ್ಯೋಗ: ಕ್ರೇನ್ ಆಪರೇಟರ್. “ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲಾ ಹುಡುಕಿದ್ವಿ ಸರ್,” ಎಂದು ಗೊಣಗಿದ.

ಮಹಿಳಾ ಪೇದೆಯ ಸಮಕ್ಷಮದಲ್ಲಿ ವಿಚಾರಣೆ ಆರಂಭವಾಯಿತು.

“ಪ್ರಶ್ನೆ ತೆಗೆದದ್ದು ನೀವೇ?”

“ಸಾಬೀತು ಮಾಡಿ.”

“ನಿಮ್ಮ ತಂದೆಯ ಕೈ ಸಾಬೀತು ಮಾಡಿದೆ.”

“ಕೈಸನ್ನೆ ಗೊತ್ತಿರೋದು ಅಪರಾಧ ಅಲ್ಲ.”

ಗಟ್ಟಿ ಪಿಂಡ. ಇನ್‌ಸ್ಪೆಕ್ಟರ್ ಉತ್ತರ ಪತ್ರಿಕೆಯನ್ನು ಆಕೆಯ ಮುಂದೆ ಸರಿಸಿದರು. ಉತ್ತರ ಪತ್ರಿಕೆಗಳು ಮೊಹರು ಬಿದ್ದು ನೇರ ಮೇಷ್ಟ್ರಿಗೇ ಹೋಗುತ್ತಿದ್ದುದರಿಂದ ಆಕೆ ಇದನ್ನು ನೋಡಿರಲಿಲ್ಲ. “ಮೇಲಿನ ಪ್ರಶ್ನೆ ಎಲ್ಲಾ ಸರಿ. ಕೆಳಗಿನ ಹತ್ತು ನೋಡಿ. ಇವತ್ತು ಯಾವ ವಾರ, ತಪ್ಪು. ಇದು ಯಾವ ತಿಂಗಳು, ತಪ್ಪು. ಗಡಿಯಾರದಲ್ಲಿ ಎಷ್ಟು ಗಂಟೆ, ತಪ್ಪು.”

ಆಕೆ ಹಾಳೆಯನ್ನು ಹತ್ತಿರ ಎಳೆದುಕೊಂಡು ಬೆರಳಿಟ್ಟು ನೋಡಿದಳು. ದಿನವೂ ಪರರ ಮನಸ್ಸು ಅಳೆಯುವವಳಿಗೆ ಆ ಹತ್ತು ಗೀಟು ಏನು ಹೇಳುತ್ತವೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಇವನ್ನ ನಾನು ಹೇಳ್ಕೊಡಲೇ ಇಲ್ಲ,” ಎಂದಳು. “ಅಪ್ಪ ಸ್ವಲ್ಪ ನಿಧಾನ ಆಗಿದ್ದಾರೆ ಅಷ್ಟೇ ಅಂದ್ಕೊಂಡಿದ್ದೆ. ಎಲ್ಲಾ ಕಲಿಸೋಕೆ ಸಮಯ ಇರಲಿಲ್ಲ, ಕಷ್ಟದ್ದು ಮಾತ್ರ ಆರಿಸಿಕೊಂಡೆ. ಇವು ಚಿಕ್ಕ ಮಕ್ಕಳಿಗೂ ಬರುತ್ತಲ್ಲ ಸರ್. ಸ್ಕೂಲ್ ಬಿಟ್ತಾ ಪುಟ್ಟಿ ಅಂತ ನನ್ನ ಕೇಳೋರು. ರೇಗಿಸ್ತಿದ್ದಾರೆ ಅಂತ ನಾನೂ ನಗ್ತಿದ್ದೆ.”

“ಯಾಕೆ ಮಾಡಿದ್ರಿ?”

“ಆ ಕ್ಯಾಬಿನ್ ಬಿಟ್ರೆ ಅವರಿಗೆ ಬೇರೆ ಲೋಕ ಇಲ್ಲ. ಇಳಿಸಿದ್ರೆ ಸತ್ತೇ ಹೋಗ್ತಾರೆ ಅಂತ ಹೆದರಿದೆ.” ಹಾಳೆಯನ್ನು ಹಿಂದಕ್ಕೆ ಸರಿಸಿ, “ಕೆಳಗೆ ಇರೋ ಜನದ ಯೋಚನೆ ನನಗೆ ಬರಲೇ ಇಲ್ಲ,” ಎಂದು ಮುಖ ಮುಚ್ಚಿಕೊಂಡಳು.

ನಾಲ್ಕೂಕಾಲಿಗೆ ಬಂಧನ ದಾಖಲಾಯಿತು. ಇಷ್ಟು ವರ್ಷ ಎಲ್ಲರನ್ನೂ ಅನುಮಾನಿಸಿ ಬದುಕಿದ ಇನ್‌ಸ್ಪೆಕ್ಟರಿಗೆ, ಅನುಮಾನಿಸಬೇಕಾದಲ್ಲಿ ಅನುಮಾನಿಸದೆ ಎಡವಿದವಳನ್ನು ಕಂಡು ನಿಜಕ್ಕೂ ಸಂಕಟವಾಯಿತು. ಕೇಸ್ ಡೈರಿಯಲ್ಲಿ ಕಾರಣದ ಮುಂದೆ ‘ತಂದೆಯ ಮೇಲಿನ ಮಮತೆ’ ಎಂದಷ್ಟೇ ಬರೆದರು.

“ಒಂದು ಕೇಳ್ತೀನಿ ಸರ್,” ಎಂದಳು. “ಇನ್ನು ಕೆಲಸ ಇಲ್ಲ ಅಂತ ಅಪ್ಪನಿಗೆ ಬೇರೆಯವರು ಹೇಳೋದು ಬೇಡ.”

ಆಕೆಯನ್ನು ಹಾಜರುಪಡಿಸಲು ನ್ಯಾಯಾಧೀಶರ ಮನೆಗೆ ಹೊರಟ ಜೀಪು ಆಪರೇಟರ್ ಮನೆಯ ಮುಂದೆ ನಿಂತಿತು. ಅವನು ಸಮವಸ್ತ್ರ ತೊಟ್ಟು, ಹೆಲ್ಮೆಟ್ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದ. ಪೇದೆಯ ಜೊತೆ ಗೇಟಿನ ಬಳಿ ನಿಂತ ಹೆಂಗಸಿನ ಮುಖ ಅವನಿಗೆ ಗುರುತು ಹತ್ತಿದಂತೆ ಕಾಣಲಿಲ್ಲ. ಅವಳು ಒಳಗೆ ಹೋಗಲಿಲ್ಲ. ಬೇಲಿಯಾಚೆಯೇ ನಿಂತು ಬಲ ತೋಳು ಚಾಚಿದಳು, ಅಂಗೈ ಕೆಳಮುಖ.

ಆಪರೇಟರ್ ಕಣ್ಣು ಹಿಗ್ಗಿತು. ಅವನ ಎರಡೂ ಕೈಗಳು, ಅಲ್ಲಿ ಇಲ್ಲದ ಕ್ರೇನಿನ ಸನ್ನೆಕೋಲುಗಳನ್ನು ಹಿಂದಕ್ಕೆ ಎಳೆದು ಬಿಟ್ಟವು.

“ಪಾಳಿ ಮುಗೀತಾ ಪುಟ್ಟಿ?”

“ಮುಗೀತಪ್ಪ,” ಎಂದಳು. “ಇಳೀರಿ.”

ಅವನು ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟ.