ಕೆಳಗಿಡದ ಕ್ರ್ಯಾಂಕ್

ಇಸ್ತ್ರಿ ಹಾಕಿದ ಅವನ ಬಿಳಿ ಶರ್ಟಿನ ಮೇಲೆ ಎಣ್ಣೆ ಮೆತ್ತಿದ ಬಟ್ಟೆ ಎಸೆದದ್ದು ನಾನೇ. ನಮ್ಮಿಬ್ಬರ ಪ್ರೇಮ ಶುರುವಾದದ್ದು ಹಾಗೆ.

"ಆಯಿಲ್ ಬದಲಾಯಿಸಿ ಎಷ್ಟು ವರ್ಷ ಆಯ್ತು ರೀ? ಇದೇನು ಇಂಜಿನ್ನಾ, ಚರಂಡೀನಾ?" ಅಂತ ರೇಗಿದೆ.

ಅವನು ಎದೆಯ ಮೇಲೆ ಬಿದ್ದ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, ನಾಲ್ಕು ಮಡಿಕೆ ಮಾಡಿ ನನ್ನ ಕೈಗೇ ವಾಪಸ್ ಕೊಟ್ಟ. "ವ್ಯಾನ್ ನನ್ನದಾಗಿ ನಾಲ್ಕು ದಿನ ಆಯ್ತು ಮೇಡಂ. ಹಿಂದಿನ ಓನರ್‌ನ ಕರ್ಕೊಂಡು ಬರ್ತೀನಿ, ಅವರಿಗೂ ಒಂದು ಎಸೀರಿ."

ನಗು ತಡೆದುಕೊಳ್ಳಲು ನಾನು ಪಟ್ಟ ಕಷ್ಟ ಅವನ ಕಣ್ಣಿಗೆ ಬಿತ್ತು. ಆ ಕಣ್ಣು ಅಲ್ಲೇ ಒಂದು ಕ್ಷಣ ಜಾಸ್ತಿ ನಿಂತಿತು.

ಅವನದು ಲಾಂಡ್ರಿ. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಸಾಗಿಸೋಕೆ ಇಪ್ಪತ್ತೆರಡು ವರ್ಷದ ವ್ಯಾನ್ ಕೊಂಡಿದ್ದ. ಲೋಡ್ ಹಾಕಿಕೊಂಡು ಏರು ಹತ್ತಿದರೆ ನಡೆದು ಹೋಗುವವರು ಹಿಂದೆ ಹಾಕುತ್ತಿದ್ದರಂತೆ. "ಎಳೆಯೋ ಶಕ್ತಿ ಬೇಕು, ಇನ್ನು ಹತ್ತು ವರ್ಷ ಆಯುಸ್ಸೂ ಬೇಕು" ಅಂದ. ಮನಸ್ಸಿನಲ್ಲೇ ನಾನು ಅವನಿಗೆ ಇಸ್ತ್ರಿ ಅಂತ ಹೆಸರಿಟ್ಟೆ.

ನಮ್ಮ ಇಂಜಿನ್ ರಿಪೇರಿ ಶೆಡ್ಡಿನ ಆ ತುದಿಯಿಂದ ಅಣ್ಣ ತಲೆ ಎತ್ತಿ ನೋಡಿದ.

ನಮ್ಮ ಮನೆಯಲ್ಲಿ ಬಾಯಿಗಿಂತ ಮೊದಲು ಕೈ ಬರುತ್ತದೆ. ಅಪ್ಪ ಹಾಗಿದ್ದ, ಅಣ್ಣನೂ ಹಾಗೇ. ನನಗೆ ಸಿನಿಮಾ ಟಿಕೆಟ್ ತಂದುಕೊಟ್ಟ ಬೇರಿಂಗ್ ಸೇಲ್ಸ್‌ಮನ್ನಿನ ಎರಡು ಹಲ್ಲು ಇದೇ ಶೆಡ್ಡಿನಲ್ಲಿ ಉದುರಿದವು. ಅಣ್ಣ ಅದನ್ನು ಕಾವಲು ಅನ್ನುತ್ತಿದ್ದ. ಒಮ್ಮೆ ನನ್ನ ಕೆನ್ನೆಗೂ ಬಾರಿಸಿದ. ನಾನೂ ಸುಮ್ಮನಿರಲಿಲ್ಲ, ರಕ್ತ ಬರುವ ಹಾಗೆ ಅವನ ಕೈ ಕಚ್ಚಿದ್ದೆ. ಅಪ್ಪ ಬಿಟ್ಟುಹೋದ ಗ್ರೈಂಡಿಂಗ್ ಮೆಷಿನ್ ನನ್ನದು, ಜೋಡಣೆ ಬೆಂಚು ಅಣ್ಣನದು. ಇಬ್ಬರೂ ಕೆಲಸದಲ್ಲಿ ಚೊಕ್ಕ. ಅದೊಂದಕ್ಕೇ ಜನ ನಮ್ಮನ್ನು ಸಹಿಸಿಕೊಂಡಿದ್ದರು.

ಮೂರು ವಾರ ಇಸ್ತ್ರಿ ದಿನಾ ಬಂದ. ಸವೆದ ಸಿಲಿಂಡರುಗಳನ್ನು ಕೊರೆದು ಅಗಲ ಮಾಡಿ ಒಂದು ಸೈಜ್ ದೊಡ್ಡ ಪಿಸ್ಟನ್ ಹೊಂದಿಸಿದೆವು. ಒಳಗಿನ ಒತ್ತಡ ಏರಲಿ ಅಂತ ಸಿಲಿಂಡರಿಗೆ ಮುಚ್ಚಳವಾಗಿ ಕೂರುವ ಹೆಡ್ಡನ್ನು ಕೂದಲೆಳೆಯಷ್ಟು ಉಜ್ಜಿ ತೆಳುಮಾಡಿದೆವು, ಹೊಸ ಆಯಿಲ್ ಪಂಪ್ ಹಾಕಿದೆವು.

"ಯಾವುದನ್ನ ನೋಡಿದ್ರೂ ಕೂದಲೆಳೆ ಅಂತೀರಲ್ಲ, ಯಾರ ಕೂದಲು?" ಅಂತ ಅವನು ಕೇಳಿದ. ನೋಟ ಮಾತ್ರ ನನ್ನ ಹಣೆಗೆ ಅಂಟಿದ್ದ ಕೂದಲಿನ ಮೇಲಿತ್ತು.

"ಕೆಲಸ ನೋಡಿ."

"ಅದನ್ನೇ ನೋಡ್ತಿದ್ದೀನಿ."

ಕೊನೆಗೆ ಕ್ರ್ಯಾಂಕ್ ಉಳಿಯಿತು. ಪಿಸ್ಟನ್ನುಗಳ ಏರಿಳಿತವನ್ನೆಲ್ಲ ತಿರುಗಿಸಿ ಗಾಲಿಗೆ ಕಳಿಸುವ ಉಕ್ಕಿನ ಬೆನ್ನೆಲುಬು ಅದು. ಎರಡು ದಿನ ಉಜ್ಜಿ, ಅಳೆದು, ಮುಖ ಕಾಣುವ ಹಾಗೆ ಹೊಳಪು ಮಾಡಿದೆ. "ಇದಕ್ಕೆ ಒಂದು ಗೀರು ಬಿದ್ರೂ ನನ್ನ ಎರಡು ದಿನ ಮಣ್ಣುಪಾಲು" ಅಂತ ಹೇಳಿ, ಅವನೇ ತಂದಿದ್ದ ಬಿಳಿ ಹೊದಿಕೆಯಲ್ಲಿ ಸುತ್ತಿ ಅವನ ತೋಳಿಗೆ ಕೊಟ್ಟೆ. ಹೆಣಭಾರ. ಶೆಡ್ಡಿನ ಆ ತುದಿಯ ಬೆಂಚಿಗೆ ಒಯ್ಯಬೇಕಿತ್ತು.

ಅರ್ಧ ದಾರಿಯಲ್ಲಿ ನಿಂತುಬಿಟ್ಟ. "ಮೇಡಂ, ಮೂಗು ತುರಿಸ್ತಿದೆ."

"ತುರಿಸ್ಕೊಳ್ಳಿ."

"ಎರಡು ಕೈಯಲ್ಲೂ ನಿಮ್ಮ ಎರಡು ದಿನ ಇದೆಯಲ್ಲ."

ನಾನು ನಗುತ್ತಾ ಹತ್ತಿರ ಹೋಗಿ ಬೆರಳ ತುದಿಯಿಂದ ಅವನ ಮೂಗು ತುರಿಸಿದೆ. ಅವನು ಕಣ್ಣು ಮುಚ್ಚಿದ. ನನ್ನ ಬೆರಳು ಅಲ್ಲಿಂದ ಕೆನ್ನೆಗೆ ಯಾವಾಗ ಜಾರಿತು ಅಂತ ನನಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಅಣ್ಣ ಊಟ ಮುಗಿಸಿ ಬಂದ.

ಬಂದವನೇ ಕಿವಿಗೆ ಗುದ್ದಿದ. ಇಸ್ತ್ರಿ ತತ್ತರಿಸಿದ, ಆದರೆ ಕ್ರ್ಯಾಂಕ್ ಬಿಡಲಿಲ್ಲ. ಅಣ್ಣ ವ್ಹೀಲ್ ಸ್ಪ್ಯಾನರ್ ಎತ್ತಿಕೊಂಡ. ಬೆನ್ನಿಗೆ ಒಂದು, ಭುಜಕ್ಕೆ ಒಂದು. ನಾನು ಅಣ್ಣನ ಶರ್ಟು ಹಿಡಿದು ಜಗ್ಗಿದೆ, ಮೊಣಕೈಯಲ್ಲಿ ತಿವಿದು ನನ್ನನ್ನು ಮೆಷಿನ್ನಿನ ಮೇಲೆ ಕೆಡವಿದ. ಇಸ್ತ್ರಿ ಮಂಡಿಯೂರಿ ಕುಸಿದ. ನೆಲದ ತುಂಬಾ ಉಕ್ಕಿನ ಪುಡಿ. ಅವನು ಮುಂದಕ್ಕೆ ಬಾಗಿ, ಮಗುವನ್ನು ಅಪ್ಪಿಕೊಳ್ಳುವ ಹಾಗೆ ಕ್ರ್ಯಾಂಕನ್ನು ಎದೆಗೆ ಅವಚಿಕೊಂಡ. ಮೂರನೆಯ ಏಟು ತಲೆಗೆ. ಬಿಳಿ ಬಟ್ಟೆ ಕೆಂಪಾಯಿತು.

"ಹೊಡಿಯೋ, ಗಂಡಸಾಗಿದ್ರೆ ತಿರುಗಿ ಹೊಡಿ" ಅಂತ ಅಣ್ಣ ಕಿರುಚುತ್ತಿದ್ದ.

ನಾಲ್ಕನೆಯ ಏಟಿಗೆ ಸ್ಪ್ಯಾನರ್ ಎತ್ತಿದಾಗ ನಾನು ಸುತ್ತಿಗೆ ಬೀಸಿದೆ. ಅಣ್ಣನ ಮುಂಗೈ ಮೂಳೆ ಲಟಕ್ಕೆಂದಿತು. ಸುಳ್ಳು ಹೇಳುವುದಿಲ್ಲ, ಆ ಸದ್ದು ನನಗೆ ಹಿತವಾಯಿತು. ಇನ್ನೊಂದು ಏಟು ಹಾಕಲು ಸುತ್ತಿಗೆ ತಾನಾಗಿ ಮೇಲೆದ್ದಿತ್ತು. ಆಗ ಕೆಳಗಿನಿಂದ ಇಸ್ತ್ರಿ ಮೆಲ್ಲಗೆ, "ಇದನ್ನ ಸ್ವಲ್ಪ ಹಿಡ್ಕೊಳ್ಳಿ, ಕೈ ಸೋತಿದೆ" ಅಂದ.

ಸುತ್ತಿಗೆ ಬಿಸಾಡಿ ಕ್ರ್ಯಾಂಕ್ ತೆಗೆದುಕೊಂಡೆ. ಒಂದು ಗೀರೂ ಬಿದ್ದಿರಲಿಲ್ಲ.

"ಕೆಳಗಿಟ್ಟು ತಿರುಗಿ ಹೊಡೀಬಹುದಿತ್ತಲ್ಲ, ಪೆದ್ದ" ಅಂದೆ. ನನಗೆ ಅಳು ಬಂದಿತ್ತು.

"ನಿಮ್ಮ ಎರಡು ದಿನ ಹಾಳಾಗೋದು."

"ನಿನ್ನ ತಲೆ ಒಡೆದಿದೆಯಲ್ಲೋ."

"ತಲೆಗೆ ಹೊಲಿಗೆ ಹಾಕ್ತಾರೆ" ಅಂದು ಅಲ್ಲೇ ವಾಂತಿ ಮಾಡಿಕೊಂಡ.

ಒಂಬತ್ತು ಹೊಲಿಗೆ ಬಿತ್ತು. ಅಣ್ಣನ ಕೈಗೆ ಪ್ಲಾಸ್ಟರ್. ವಾರ ಕಳೆದ ಮೇಲೆ ಇಂಜಿನ್ ಜೋಡಿಸಲು ನಾನೇ ಕೂತೆ. ಅಣ್ಣ ಗೇಟಿನ ಹತ್ತಿರ ಸ್ಟೂಲ್ ಹಾಕಿಕೊಂಡು ನೋಡುತ್ತಿದ್ದ. "ಅವನ ಜೊತೆ ಹೋದ್ರೆ ಈ ಶೆಡ್ಡಿಗೆ ಮತ್ತೆ ಕಾಲಿಡಬೇಡ. ಮೆಷಿನ್ನೂ ಮರೆತುಬಿಡು" ಅಂದ. ಹದಿನಾರು ವರ್ಷ ಆ ಮೆಷಿನ್ ಮುಂದೆಯೇ ನಿಂತವಳು ನಾನು.

ಆದರೆ ನಿದ್ದೆ ಕೆಡಿಸಿದ್ದು ಮೆಷಿನ್ ಅಲ್ಲ, ಎರಡನೇ ಸಲ ಮೇಲೆದ್ದ ಆ ಸುತ್ತಿಗೆ. ಹೆಡ್ ಬೋಲ್ಟ್ ಬಿಗಿಯುತ್ತಾ ಇಸ್ತ್ರಿಗೆ ಅದನ್ನೇ ಹೇಳಿದೆ. "ನಾನೂ ಇದೇ ಮನೆಯವಳು. ನಿನ್ನನ್ನ ಕಂಡ್ರೆ ಪ್ರಾಣ. ಆದ್ರೆ ಯಾವತ್ತಾದ್ರೂ ನಿನ್ನ ಮೇಲೂ ಕೈ ಎತ್ತಿದ್ರೆ?"

ನಗಿಸಿ ಮಾತು ಹಾರಿಸುತ್ತಾನೆ ಅಂದುಕೊಂಡಿದ್ದೆ. ಅವನು ತಲೆಯ ಬ್ಯಾಂಡೇಜ್ ಮುಟ್ಟಿಕೊಂಡ.

"ಎದ್ದು ಹೋಗ್ತೀನಿ" ಅಂದ. "ನೀನಂದ್ರೆ ನನಗೂ ಪ್ರಾಣಾನೇ. ಆದ್ರೂ ಹೋಗ್ತೀನಿ."

ಹೊಡೆತ ತಿಂದು ಎದ್ದು ಹೋದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ, ಅಮ್ಮ ಕೂಡ ಕೊನೆಯತನಕ ಇದ್ದಳು. ಆ ಉತ್ತರ ಕೇಳಿ ನನ್ನ ಎದೆ ಹಗುರಾಯಿತು. ಸ್ಪ್ಯಾನರ್ ಹಿಡಿದ ಕೈಯಿಂದಲೇ ಅವನ ಕತ್ತು ಬಳಸಿ ಮುತ್ತು ಕೊಟ್ಟೆ. ಗೇಟಿನ ಹತ್ತಿರ ಸ್ಟೂಲ್ ಉರುಳಿ ಬಿದ್ದ ಸದ್ದಾಯಿತು.

ಮರುದಿನ ಬೆಳಗ್ಗೆ ಸ್ಟೇರಿಂಗ್ ಹಿಂದೆ ನಾನು ಕೂತೆ, ಪಕ್ಕದಲ್ಲಿ ಅವನು. ಮೊದಲ ಸಲಕ್ಕೇ ಇಂಜಿನ್ ಸ್ಟಾರ್ಟ್ ಆಯಿತು. ಅಣ್ಣ ಬಂದು ವ್ಯಾನಿನ ಎದುರೇ ನಿಂತ. ಪ್ಲಾಸ್ಟರ್ ಇಲ್ಲದ ಕೈಯನ್ನು ಬಾನೆಟ್ ಮೇಲೆ ಊರಿ ಕಿವಿಗೊಟ್ಟು ಕೇಳಿದ.

"ಟೈಮಿಂಗ್ ಸ್ವಲ್ಪ ಲೇಟ್ ಇದೆ, ಕಿಡಿ ತಡವಾಗಿ ಬೀಳ್ತಿದೆ" ಅಂದ.

"ಗೊತ್ತು. ದಾರಿ ಬಿಡು ಅಣ್ಣ."

ಬಿಡಲಿಲ್ಲ. ನಾನು ಫಸ್ಟ್ ಗೇರ್ ಹಾಕಿ, ಕ್ಲಚ್ಚನ್ನು ಉಸಿರಿನಷ್ಟು ನಿಧಾನವಾಗಿ ಬಿಟ್ಟೆ. ಹಳೇ ಇಂಜಿನ್ ಆಗಿದ್ದರೆ ಆ ವೇಗಕ್ಕೆ ನಡುಗಿ ನಿಂತೇ ಹೋಗುತ್ತಿತ್ತು. ಇದು ನಡುಗಲಿಲ್ಲ. ಬಾನೆಟ್ಟು ಅಣ್ಣನ ಎದೆಗೆ ಒತ್ತಿತು, ಒಂದು ಹೆಜ್ಜೆ ಹಿಂದಕ್ಕೆ ತಳ್ಳಿತು, ಇನ್ನೊಂದು ಹೆಜ್ಜೆ. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೂ ಬ್ರೇಕಿನ ಮೇಲೆ ಕಾಲಿಡಲಿಲ್ಲ. ಮೂರನೇ ಹೆಜ್ಜೆಗೆ ಅಣ್ಣ ಪಕ್ಕಕ್ಕೆ ಸರಿದ.

ತಿರುವು ದಾಟಿದ ಮೇಲೆ ಇಸ್ತ್ರಿ ಕೇಳಿದ, "ಟೈಮಿಂಗ್ ನಿಜವಾಗ್ಲೂ ಲೇಟ್ ಇದೆಯಾ?"

"ಇದೆ. ನಿಲ್ಲಿಸಿ ಸರಿ ಮಾಡ್ತೀನಿ."

"ಎಲ್ಲಿ?"

"ಅವನ ಕಿವಿಗೆ ಕೇಳದಷ್ಟು ದೂರದಲ್ಲಿ."